‘ಹಣ ಹೋಗಿದೆ ಮೇಡಂ’: ಪಿಂಚಣಿ ಸಹಾಯವಾಣಿ ಬಳಸಿದ ನನ್ನ ಅನುಭವ

ಐದಕ್ಕೆ ಎರಡು ಸ್ಟಾರ್ ಕೊಡುತ್ತಿದ್ದೇನೆ. ಆ ಎರಡೂ ಫೋನ್ ಎತ್ತಿಕೊಂಡು ಮರ್ಯಾದೆಯಿಂದ ಮಾತಾಡಿದ ಹುಡುಗ ಹುಡುಗಿಯರಿಗೆ. ಅವರನ್ನು ಅಲ್ಲಿ ಕೂರಿಸಿ, ಕೈಗೆ ಏನೂ ಕೊಡದೆ ಬಿಟ್ಟಿರುವ ವ್ಯವಸ್ಥೆಯ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ನಮ್ಮತ್ತೆಗೆ ವೃದ್ಧಾಪ್ಯ ಪಿಂಚಣಿ ಬರುತ್ತದೆ. ತಿಂಗಳಿಗೆ 1,200 ರೂಪಾಯಿ. ಅವರಿರುವುದು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ, ನಾವು ಬೆಂಗಳೂರಿನಲ್ಲಿ. ಅವರ ಪಿಂಚಣಿ ವ್ಯವಹಾರವನ್ನೆಲ್ಲ ಮೊದಲಿನಿಂದಲೂ ನಾನೇ ನೋಡಿಕೊಳ್ಳುತ್ತಿದ್ದೇನೆ. ಸಹಾಯವಾಣಿಯ ನಂಬರ್, ಬ್ಯಾಂಕುಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಯಾವ ಬ್ಯಾಂಕಾಗಿದ್ದರೂ ಇದೇ ಆಗುತ್ತಿತ್ತು. ಪಿಂಚಣಿಯ ಬದಲು ಸ್ಕಾಲರ್‌ಶಿಪ್ಪೋ ಬೆಳೆ ಪರಿಹಾರವೋ ಆಗಿದ್ದರೂ ಅಷ್ಟೇ. ಆಧಾರ್ ನಂಬರ್ ನೋಡಿ ಹಾಕುವ ಹಣವೆಲ್ಲ ಒಂದೇ ದಾರಿಯಲ್ಲಿ ಬರುತ್ತದೆ.

1,200 ಏನು ಮಹಾ ದುಡ್ಡು ಅನ್ನುವವರಿದ್ದಾರೆ. ಅತ್ತೆಯ ಬಿಪಿ ಮಾತ್ರೆ, ಎಲೆ ಅಡಿಕೆ, ಮೊಮ್ಮಗ ಊರಿಗೆ ಹೋದಾಗ ಅವನ ಕೈಗಿಡುವ ನೂರು ರೂಪಾಯಿ, ಎಲ್ಲ ಅದರಲ್ಲೇ. ಮಗನ ಮುಂದೆ ಕೈ ಚಾಚದೆ ಖರ್ಚು ಮಾಡಬಹುದಾದ ದುಡ್ಡು ಅವರ ಪಾಲಿಗೆ ಅದೊಂದೇ. ಕೆಲವು ತಿಂಗಳು ಅದು ಖಾತೆಗೆ ಬರುವುದು ನಿಂತುಹೋದಾಗ ಅವರು ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳತೊಡಗಿದ್ದರು. ನಮಗೆ ಹೇಳಿರಲಿಲ್ಲ. ಪಕ್ಕದ ಮನೆಯವರು ಫೋನ್ ಮಾಡಿ ಹೇಳಿದ ಮೇಲೆ ಗೊತ್ತಾಗಿದ್ದು.

ಸಹಾಯವಾಣಿಗೆ ಫೋನ್ ಮಾಡಿದರೆ ಮೊದಲು ಕನ್ನಡಕ್ಕೆ ಒಂದು ಒತ್ತಿ ಅನ್ನುತ್ತದೆ. ಆಮೇಲೆ ಹಾಡು. ಬೆಳಿಗ್ಗೆ ಹೊತ್ತು ಲೈನ್ ಸಿಗುವುದೇ ಕಷ್ಟ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಮಾಡಿದರೆ ಬೇಗ ಸಿಗುತ್ತದೆ, ಇದು ನಾನು ಕಂಡುಕೊಂಡಿದ್ದು. ಸಿಕ್ಕ ಮೇಲೆ ಪಿಂಚಣಿ ನಂಬರ್, ಹೆಸರು, ತಾಲ್ಲೂಕು, ಹೋಬಳಿ ಎಲ್ಲ ಹೇಳಬೇಕು. ಹಿಂದಿನ ವಾರ ಯಾರ ಹತ್ತಿರ ಮಾತಾಡಿದ್ದೆವೋ ಅದು ಇವರಿಗೆ ಗೊತ್ತಿರುವುದಿಲ್ಲ. ಮತ್ತೆ ಮೊದಲಿಂದ ಹೇಳಬೇಕು.

“ಈ ತಿಂಗಳದ್ದು ಸಕ್ಸಸ್ ಅಂತ ತೋರಿಸ್ತಿದೆ ಮೇಡಂ. ಹಣ ಹೋಗಿದೆ.”

“ಪಾಸ್‌ಬುಕ್ ಎಂಟ್ರಿ ಮಾಡಿಸಿದ್ದೀವಿ. ಬಂದಿಲ್ಲ.”

“ನಮ್ಮ ಕಡೆಯಿಂದ ಹೋಗಿದೆ. ಬ್ಯಾಂಕಲ್ಲಿ ವಿಚಾರಿಸಿ.”

“ಯಾವ ಬ್ಯಾಂಕಿಗೆ ಹೋಗಿದೆ ಅಂತ ಹೇಳ್ತೀರಾ?”

“ಅದು ನಮಗೆ ಕಾಣ್ಸಲ್ಲ ಮೇಡಂ.”

ಬ್ಯಾಂಕಿಗೆ ಹೋದರೆ ಕೌಂಟರ್‌ನಲ್ಲಿದ್ದವರು, “ನಮಗೆ ಬಂದಿಲ್ಲ ಅಜ್ಜಿ, ತಾಲ್ಲೂಕು ಆಫೀಸಲ್ಲಿ ಕೇಳಿ” ಅಂದರು. ತಾಲ್ಲೂಕು ಆಫೀಸಿನಲ್ಲಿ, ಪಿಂಚಣಿ ಚಾಲ್ತಿಯಲ್ಲೇ ಇದೆ, ಸಹಾಯವಾಣಿಗೆ ಫೋನ್ ಮಾಡಿ ಅಂದರು. ಯಾರೂ ಸುಳ್ಳು ಹೇಳಿರಲಿಲ್ಲ. ಹಣ ಹೋಗಿದ್ದೂ ನಿಜ, ಈ ಬ್ಯಾಂಕಿಗೆ ಬಾರದಿದ್ದುದೂ ನಿಜ. ಆದರೆ ಎಪ್ಪತ್ತರ ಹತ್ತಿರ ಇರುವ ಹೆಂಗಸು ಬಸ್ಸು ಹತ್ತಿ ಇಳಿದು, ಮೂರು ಕಡೆಯಿಂದ ಮೂರು ಸರಿಯಾದ ಉತ್ತರ ತಂದುಕೊಂಡು ಬರಿಗೈಲಿ ಮನೆಗೆ ಹೋಗಬೇಕಾಯಿತು.

ಈ ಗಂಟು ಎಲ್ಲಿದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಸಹಾಯವಾಣಿಯಲ್ಲಿ ಯಾರೂ ಇದನ್ನು ಹೇಳಲಿಲ್ಲ.

ಪಿಂಚಣಿಗೆ ಅರ್ಜಿ ಹಾಕುವಾಗ ಪಾಸ್‌ಬುಕ್ ಜೆರಾಕ್ಸ್ ಕೊಟ್ಟಿರುತ್ತೇವೆ, ಹಾಗಾಗಿ ಆ ಖಾತೆಗೇ ಹಣ ಬರುತ್ತದೆ ಅಂದುಕೊಂಡಿರುತ್ತೇವೆ ಅಲ್ವಾ? ಈಗ ಹಾಗಲ್ಲ. ಸರ್ಕಾರ ಖಾತೆ ನಂಬರಿಗೆ ಹಣ ಹಾಕುವುದಿಲ್ಲ, ಆಧಾರ್ ನಂಬರಿಗೆ ಹಾಕುತ್ತದೆ. ಆ ಆಧಾರ್ ಯಾವ ಬ್ಯಾಂಕಿಗೆ ಸೇರಿದ್ದು ಅನ್ನುವ ಪಟ್ಟಿ ಎನ್‌ಪಿಸಿಐ ಹತ್ತಿರ ಇರುತ್ತದೆ. ನಾವು ದಿನಾ ಬಳಸುವ ಯುಪಿಐ ನಡೆಸುವುದೂ ಇದೇ ಸಂಸ್ಥೆ. ಆ ಪಟ್ಟಿಗೆ ಮ್ಯಾಪರ್ ಅನ್ನುತ್ತಾರೆ. ಅದರಲ್ಲಿ ಖಾತೆ ನಂಬರ್ ಇರುವುದಿಲ್ಲ, ಬ್ಯಾಂಕ್ ಯಾವುದು ಅನ್ನುವುದಷ್ಟೇ ಇರುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಆಧಾರ್ ಜೊತೆ ಬ್ಯಾಂಕಿನ ಹೆಸರನ್ನು ಈ ಪಟ್ಟಿಗೆ ಸೇರಿಸುವುದಕ್ಕೆ ಸೀಡಿಂಗ್ ಅನ್ನುತ್ತಾರೆ. ಕೊನೆಗೆ ಯಾವ ಬ್ಯಾಂಕು ಸೀಡಿಂಗ್ ಮಾಡಿಸಿತೋ ಅದರ ಹೆಸರು ಉಳಿಯುತ್ತದೆ, ಹಳೆಯದು ಹೋಗುತ್ತದೆ. ಅಲ್ಲಿಂದ ಮುಂದೆ ಹಣವೆಲ್ಲ ಹೊಸ ಬ್ಯಾಂಕಿಗೇ.

ಇನ್ನೊಂದು ವಿಷಯ. ಖಾತೆಗೆ ಆಧಾರ್ ಲಿಂಕ್ ಆಗುವುದು ಬೇರೆ, ಸರ್ಕಾರದ ಹಣಕ್ಕೆ ಸೀಡಿಂಗ್ ಆಗುವುದು ಬೇರೆ. ಎರಡು ಮೂರು ಬ್ಯಾಂಕಿನ ಖಾತೆಗೆ ಆಧಾರ್ ಲಿಂಕ್ ಆಗಿರಬಹುದು, ಅದು ಕೆವೈಸಿ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆ. ಸೀಡಿಂಗ್ ಮಾತ್ರ ಒಂದಕ್ಕೇ. ಊರಿನ ಬ್ಯಾಂಕಿನವರು “ಆಧಾರ್ ಲಿಂಕ್ ಆಗೇ ಇದೆಯಲ್ಲ” ಅಂತ ಪ್ರತಿ ಸಲ ವಾಪಸ್ ಕಳಿಸುತ್ತಿದ್ದುದು ಇದಕ್ಕೇ. ಅವರು ನೋಡುತ್ತಿದ್ದುದು ಕೆವೈಸಿ.

ಕೊನೆಗೆ ಗುಟ್ಟು ಬಯಲಾಗಿದ್ದು ಗ್ರಾಮ ಒನ್ ಕೇಂದ್ರದಲ್ಲಿ. ಅಲ್ಲಿದ್ದ ಹುಡುಗ ಮೊಬೈಲ್‌ನಲ್ಲಿ, ಸರ್ಕಾರದಿಂದ ಬಂದ ಹಣದ ವಿವರ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ತೆರೆದ. ಆಧಾರ್ ನಂಬರ್ ಹಾಕಿದರೆ ಓಟಿಪಿ ಬರಬೇಕು. ಬರಲಿಲ್ಲ. ಆಧಾರ್‌ನಲ್ಲಿದ್ದುದು ನಮ್ಮ ಮಾವನವರ ಹಳೇ ನಂಬರ್. ಅವರು ತೀರಿಕೊಂಡ ಮೇಲೆ ಆ ಸಿಮ್ ರೀಚಾರ್ಜ್ ಇಲ್ಲದೆ ಬಂದ್ ಆಗಿತ್ತು. ಆಧಾರ್ ಕೇಂದ್ರಕ್ಕೆ ಹೋಗಿ ಹೆಬ್ಬೆಟ್ಟು ಕೊಟ್ಟು ನನ್ನ ಗಂಡನ ನಂಬರ್ ಸೇರಿಸಿದೆವು. ಹೊಲದಲ್ಲಿ ದುಡಿದು ಅತ್ತೆಯ ಬೆರಳಿನ ಗೆರೆಗಳು ಸವೆದುಹೋಗಿವೆ. ಮೆಷಿನ್ನು ಒಂದೊಂದೇ ಬೆರಳನ್ನು ಬೇಡ ಅನ್ನುತ್ತಾ ಹೋಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಸೆರಗಿನಲ್ಲಿ ಒಣಗಿಸಿ, ಮತ್ತೆ ಒತ್ತಿ. ಕೊನೆಗೆ ಎಡಗೈ ಉಂಗುರದ ಬೆರಳು ಹಿಡಿಯಿತು. “ಈ ಬೆರಳು ನಂದೇ ಕಣಪ್ಪಾ” ಅಂದರು ಆಪರೇಟರ್‌ಗೆ, ತಪ್ಪು ಮಾಡಿದವರ ಹಾಗೆ. ಅದನ್ನು ಕೇಳಿ ನನಗೆ ತುಂಬಾ ಬೇಜಾರಾಯಿತು. ಅವರಿಗೆ ಸೇರಬೇಕಾದ ದುಡ್ಡಿಗೆ ಅವರು ಯಾಕೆ ಹಾಗೆ ಮಾತಾಡಬೇಕು?

ನಂಬರ್ ಬದಲಾದ ಮೇಲೆ ಆ್ಯಪ್ ತೆರೆಯಿತು. ಎಲ್ಲ ಅದರಲ್ಲೇ ಇತ್ತು. ಯಾವ ತಿಂಗಳು ಎಷ್ಟು ಹಣ, ಯಾವ ಬ್ಯಾಂಕು, ಯುಟಿಆರ್ ನಂಬರ್ (ಪ್ರತಿ ಹಣ ವರ್ಗಾವಣೆಗೂ ಇರುವ ಗುರುತಿನ ಸಂಖ್ಯೆ) ಏನು. ಊರಿನ ಬ್ಯಾಂಕಿನ ಹೆಸರೇ ಇರಲಿಲ್ಲ. ಬೇರೊಂದು ಖಾಸಗಿ ಬ್ಯಾಂಕಿನ ಹೆಸರಿತ್ತು. ಅತ್ತೆಗೆ ತಕ್ಷಣ ನೆನಪಾಗಲಿಲ್ಲ. ಆಮೇಲೆ ಹೇಳಿದರು, ಊರಿನ ಶಾಲೆ ಹತ್ತಿರ ಒಂದು ಕ್ಯಾಂಪ್ ನಡೆದಿತ್ತಂತೆ. ವರ್ಷಕ್ಕೆ 20 ರೂಪಾಯಿ ಕಟ್ಟಿದರೆ 2 ಲಕ್ಷದ ಅಪಘಾತ ವಿಮೆ, ಅದಕ್ಕೊಂದು ಖಾತೆ ಬೇಕು ಅಂತ ಹೆಬ್ಬೆಟ್ಟು ತೆಗೆದುಕೊಂಡಿದ್ದರಂತೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಒಳ್ಳೆಯ ಯೋಜನೆಯೇ, 70 ವರ್ಷದವರೆಗೂ ಸಿಗುತ್ತದೆ. ಆದರೆ ಅತ್ತೆಗೆ ಊರಿನ ಬ್ಯಾಂಕಿನಲ್ಲಿ ಖಾತೆ ಇತ್ತಲ್ಲ, ಅದರಿಂದಲೇ ವಿಮೆ ಮಾಡಿಸಬಹುದಿತ್ತು. ಹೊಸ ಖಾತೆಯ ಫಾರಂನಲ್ಲಿ, ಸರ್ಕಾರದ ಹಣ ಇನ್ನು ಮುಂದೆ ಈ ಖಾತೆಗೇ ಬರಲಿ ಅನ್ನುವ ಸಾಲಿನ ಮುಂದೆ ಟಿಕ್ ಬಿದ್ದಿತ್ತು. ಫಾರಂ ಇಂಗ್ಲಿಷ್‌ನಲ್ಲಿತ್ತು. ಅತ್ತೆಗೆ ಕನ್ನಡದಲ್ಲಿ ಸಹಿ ಮಾಡಲು ಬರುತ್ತದೆ, ಓದಲು ಬರುವುದು ಅಷ್ಟಕ್ಕಷ್ಟೆ.

ಇದು ಹೊಸ ರೋಗವೇನಲ್ಲ. 2017ರಲ್ಲಿ ಸಿಮ್ ಪರಿಶೀಲನೆಗೆಂದು ಆಧಾರ್ ಕೊಟ್ಟ ಲಕ್ಷಾಂತರ ಜನರಿಗೆ, ಅವರಿಗೇ ಗೊತ್ತಿಲ್ಲದಂತೆ ಒಂದು ಟೆಲಿಕಾಂ ಕಂಪನಿಯ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆಯಲಾಗಿತ್ತು. ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹೋಗತೊಡಗಿತ್ತು. ದೊಡ್ಡ ಗಲಾಟೆಯಾಗಿ, ಆ ಡಿಸೆಂಬರ್‌ನಲ್ಲಿ ಆಧಾರ್ ಪ್ರಾಧಿಕಾರ ಕಂಪನಿಯ ಇ-ಕೆವೈಸಿ ಪರವಾನಗಿಯನ್ನೇ ತಡೆಹಿಡಿಯಿತು. ಬ್ಯಾಂಕ್ ಬದಲಿಸಲು ಗ್ರಾಹಕರ ಒಪ್ಪಿಗೆ ಬೇಕೇ ಬೇಕು ಅಂತ ಬಿಗಿ ಮಾಡಿದ್ದೂ ಆಗಲೇ. ಆ ಒಪ್ಪಿಗೆ ಈಗ ಓದಲು ಬಾರದ ಫಾರಂನಲ್ಲಿ ಒಂದು ಟಿಕ್ ಆಗಿ ಕೂತಿದೆ.

ಪುಣ್ಯಕ್ಕೆ ಹಣ ಎಲ್ಲೂ ಹೋಗಿರಲಿಲ್ಲ. ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ಕೆಲಸ ಮಾಡುವ ಬ್ಯಾಂಕ್ ಮಿತ್ರನ ಸಣ್ಣ ಮೆಷಿನ್ನಿನಲ್ಲಿ ಆ ಬ್ಯಾಂಕಿನ ಹೆಸರು ಆರಿಸಿ ಬ್ಯಾಲೆನ್ಸ್ ನೋಡಿದಾಗ, ವಿಮೆಯ 20 ರೂಪಾಯಿ ಬಿಟ್ಟು ಮಿಕ್ಕಿದ್ದೆಲ್ಲ ಹಾಗೇ ಇತ್ತು. ಅಷ್ಟು ತಿಂಗಳೂ ದುಡ್ಡು ಅವರ ಹೆಸರಿನಲ್ಲೇ ಇತ್ತು. ಅಷ್ಟು ತಿಂಗಳೂ ಅವರು ಮಾತ್ರೆ ಉಳಿಸುತ್ತಿದ್ದರು. ಸಹಾಯವಾಣಿಯ ಪರದೆಯ ಮೇಲೆ ಬ್ಯಾಂಕಿನ ಹೆಸರು ಕಂಡಿದ್ದರೆ ಮೊದಲ ಫೋನಿನಲ್ಲೇ ಮುಗಿಯುವ ಕೆಲಸ ಇದು. ಒಂದು ಆ್ಯಪ್‌ಗೆ ಕಾಣುವುದು ಸಹಾಯವಾಣಿಗೆ ಕಾಣುವುದಿಲ್ಲ ಅಂದರೆ ಹೇಗೆ?

ಸೀಡಿಂಗನ್ನು ಊರಿನ ಬ್ಯಾಂಕಿಗೆ ವಾಪಸ್ ತರುವುದು ಇನ್ನೊಂದು ಸುತ್ತು. ಅದಕ್ಕೆ ಬೇರೆ ಫಾರಂ ಇದೆ. ಅದರಲ್ಲಿ ಹಿಂದಿನ ಬ್ಯಾಂಕಿನ ಹೆಸರನ್ನೂ ಬರೆಯಬೇಕು. ಹೆಚ್ಚಿನವರಿಗೆ ತಮ್ಮ ಹಿಂದಿನ ಬ್ಯಾಂಕ್ ಯಾವುದು ಅನ್ನುವುದೇ ಗೊತ್ತಿರುವುದಿಲ್ಲ. ಈಗ ಎನ್‌ಪಿಸಿಐ ವೆಬ್‌ಸೈಟಿನಿಂದಲೂ ಕೋರಿಕೆ ಹಾಕಬಹುದು, ಆದರೆ ಎಲ್ಲ ಬ್ಯಾಂಕುಗಳೂ ಅದರಲ್ಲಿ ಇಲ್ಲ. ನಾವು ಬ್ಯಾಂಕಿಗೇ ಹೋಗಿ ಫಾರಂ ಕೊಟ್ಟು, ಸೀಲ್ ಹಾಕಿದ ಪ್ರತಿ ಇಟ್ಟುಕೊಂಡೆವು.

ಈ ಬದಲಾವಣೆಯ ನಡುವೆ ಒಂದು ತಿಂಗಳ ಪಿಂಚಣಿ ಎಲ್ಲಿಗೂ ಸೇರದೆ ಸರ್ಕಾರಕ್ಕೆ ವಾಪಸ್ ಹೋಯಿತು. ಸಹಾಯವಾಣಿಯ ಮೇಲೆ ನನ್ನ ಅತಿ ದೊಡ್ಡ ತಕರಾರು ಇಲ್ಲೇ ಇರುವುದು. ಫೋನ್ ಮಾಡಿದಾಗ “ಮುಂದಿನ ತಿಂಗಳದ್ದರ ಜೊತೆ ಸೇರಿ ಬರುತ್ತೆ” ಅಂದರು. ಬರಲಿಲ್ಲ. ದೂರು ದಾಖಲಿಸಿದೆ. ಸ್ವಲ್ಪ ದಿನಕ್ಕೆ ಮೆಸೇಜ್ ಬಂತು, ನಿಮ್ಮ ದೂರು ಇತ್ಯರ್ಥವಾಗಿದೆ ಅಂತ. ಹಣ ಬಂದಿರಲಿಲ್ಲ. ಯಾಕೆ ಇತ್ಯರ್ಥ ಮಾಡಿದಿರಿ ಅಂತ ಕೇಳಿದರೆ, ಸಂಬಂಧಪಟ್ಟ ಇಲಾಖೆಗೆ ಕಳಿಸಿದ್ದೇವೆ, ಹಾಗಾಗಿ ಇಲ್ಲಿ ಮುಗಿದಿದೆ ಅನ್ನುವ ಉತ್ತರ. ದೂರು ಇನ್ನೊಂದು ಟೇಬಲ್‌ಗೆ ಹೋದರೆ ಅದು ಪರಿಹಾರವಾದ ಹಾಗಾ? ಮತ್ತೆ ಹಾಕಿದೆ, ಮತ್ತೆ ಮುಗಿಸಿದರು. ಆ ಒಂದು ತಿಂಗಳ 1,200 ಇವತ್ತಿಗೂ ಬಂದಿಲ್ಲ. ಈಗ ಯುಟಿಆರ್ ನಂಬರ್ ಬರೆದು, ಬ್ಯಾಂಕ್ ಸೀಲ್ ಇರುವ ಪ್ರತಿ ಲಗತ್ತಿಸಿ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡಿದ್ದೇವೆ. ಬಿಡುವ ಮಾತೇ ಇಲ್ಲ.

ಒಳ್ಳೆಯದನ್ನೂ ಹೇಳಬೇಕು. ಸಹಾಯವಾಣಿಯಲ್ಲಿ ಒಬ್ಬರೂ ನನ್ನ ಮೇಲೆ ರೇಗಿಲ್ಲ. ಶುದ್ಧ ಕನ್ನಡದಲ್ಲಿ ಮಾತಾಡುತ್ತಾರೆ. ಒಬ್ಬ ಹುಡುಗಿಯಂತೂ ಅತ್ತೆಯ ಹತ್ತಿರವೇ ಮಾತಾಡಿ, “ಅಜ್ಜೀ, ನಿಮ್ಮ ಪಿಂಚಣಿ ರದ್ದಾಗಿಲ್ಲ, ಹೆದರ್ಬೇಡಿ” ಅಂದಳು. ಆ ರಾತ್ರಿ ಅತ್ತೆ ನೆಮ್ಮದಿಯಾಗಿ ಊಟ ಮಾಡಿದರು. ಅರ್ಜಿ ಯಾವ ಹಂತದಲ್ಲಿದೆ, ಪಿಂಚಣಿ ಚಾಲ್ತಿಯಲ್ಲಿದೆಯೋ ಇಲ್ಲವೋ, ಇಷ್ಟು ತಿಳಿಯಲು ಸಹಾಯವಾಣಿ ಸಾಕು. ಹಣ ದಾರಿ ತಪ್ಪಿದಾಗ ಮಾತ್ರ ಅದನ್ನೇ ನೆಚ್ಚಿಕೊಂಡು ಕೂರಬೇಡಿ.

ಮನೆಯಲ್ಲಿ ವಯಸ್ಸಾದವರಿದ್ದರೆ, ಹಣ ನಿಲ್ಲುವ ಮುಂಚೆಯೇ ಆಧಾರ್‌ನಲ್ಲಿರುವ ಮೊಬೈಲ್ ನಂಬರ್ ಚಾಲ್ತಿಯಲ್ಲಿದೆಯಾ ನೋಡಿ. ಅದಿಲ್ಲದಿದ್ದರೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ. ಮೈಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಅಲ್ಲಿ ಬ್ಯಾಂಕಿನ ಹೆಸರೂ ಆ್ಯಕ್ಟಿವ್ ಇದೆಯಾ ಅನ್ನುವುದೂ ಕಾಣುತ್ತದೆ. ಕೊನೆಗೆ ಯಾವತ್ತು ಬದಲಾಯಿತು ಅನ್ನುವ ದಿನಾಂಕವೂ ಇರುತ್ತದೆ. ನಮಗೆ ಕ್ಯಾಂಪ್ ನಡೆದ ದಿನ ಗೊತ್ತಾಗಿದ್ದೇ ಅದರಿಂದ. ಸಹಾಯವಾಣಿಗೆ ಫೋನ್ ಮಾಡಿದರೆ ‘ಹಣ ಯಾವಾಗ ಬರುತ್ತೆ’ ಅಂತ ಕೇಳುತ್ತಾ ಕೂರಬೇಡಿ. ಯಾವ ತಾರೀಖಿಗೆ ಹೋಗಿದೆ, ಯುಟಿಆರ್ ನಂಬರ್ ಏನು, ಇಷ್ಟನ್ನು ಕೇಳಿ ಬರೆದುಕೊಳ್ಳಿ. ಬ್ಯಾಂಕು ಸೀಡಿಂಗ್ ಫಾರಂ ತೆಗೆದುಕೊಂಡು ಸುಮ್ನೆ ಕೂತರೆ, ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನ ಕಾದರೂ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಊರಿನಲ್ಲಿ ಖಾತೆ ತೆರೆಯುವ ಕ್ಯಾಂಪ್ ಬಂದರೆ, ಹೆಬ್ಬೆಟ್ಟು ಕೊಡುವ ಮುಂಚೆ ‘ನಮ್ಮ ಪಿಂಚಣಿ ಹಳೇ ಖಾತೆಗೇ ಬರಲಿ’ ಅಂತ ಬಾಯಿಬಿಟ್ಟು ಹೇಳಿ, ಫಾರಂನ ಆ ಕಾಲಂ ಖಾಲಿ ಇದೆಯಾ ಅಂತ ಓದು ಬಲ್ಲವರಿಂದ ನೋಡಿಸಿ.