ಕೊಂಡವರು ಸರಿ, ಕೊಳ್ಳದವರನ್ನು ಹುಡುಕುವುದು ಹೇಗೆ? ಮೇಲ್‌ಚಿಂಪ್, ಕ್ಲಾವಿಯೋ, ಮಾಟಿಕ್ ಹೋಲಿಕೆ

ಕಾಫಿ ಪುಡಿ ಮಾರುವ ಸಣ್ಣ ಆನ್‌ಲೈನ್ ಅಂಗಡಿಯೊಂದರ ಡೇಟಾ ಇಟ್ಟುಕೊಂಡು ಮೇಲ್‌ಚಿಂಪ್, ಕ್ಲಾವಿಯೋ, ಮಾಟಿಕ್ ಎಂಬ ಮೂರು ಇಮೇಲ್ ಮಾರ್ಕೆಟಿಂಗ್ ಸಾಫ್ಟ್‌ವೇರ್‌ಗಳಿಗೂ ಒಂದೇ ಕೆಲಸ ಕೊಟ್ಟು ನೋಡಿದೆವು. ಬೇಕಿದ್ದ ಸೆಗ್ಮೆಂಟ್, ಅಂದರೆ ಷರತ್ತುಗಳಿಗೆ ಹೊಂದುವ ಗಿರಾಕಿಗಳ ಪಟ್ಟಿ, ಇದು: ಹಿಂದೆ ಒಮ್ಮೆಯಾದರೂ ಕೊಂಡಿರಬೇಕು, ಕಳೆದ 45 ದಿನಗಳಲ್ಲಿ ಮತ್ತೆ ಕೊಂಡಿರಬಾರದು, ಆದರೆ ಕಳೆದ 30 ದಿನಗಳಲ್ಲಿ ಇಮೇಲ್‌ನ ಲಿಂಕ್ ಒತ್ತಿರಬೇಕು ಅಥವಾ ಸೈಟಿಗೆ ಬಂದು ಹೋಗಿರಬೇಕು. ಅರ್ಧ ಕಿಲೋ ಪುಡಿ ಒಂದು ಮನೆಗೆ ತಿಂಗಳೊಪ್ಪತ್ತು ಬರುತ್ತದೆ. 45 ದಿನವಾದರೂ ಆರ್ಡರ್ ಇಲ್ಲ, ಆದರೂ ಸೈಟಿಗೆ ಬರುತ್ತಿದ್ದಾರೆ ಎಂದರೆ ಆ ಗಿರಾಕಿ ಇನ್ನೂ ಕೈಬಿಟ್ಟು ಹೋಗಿಲ್ಲ.

ಡೆಮೊಗಳಲ್ಲಿ ತೋರಿಸುವುದೆಲ್ಲ ಏನಾದರೂ ಮಾಡಿದವರ ಪಟ್ಟಿ: ಓಪನ್ ಮಾಡಿದವರು, ಕ್ಲಿಕ್ ಮಾಡಿದವರು. ವ್ಯಾಪಾರಕ್ಕೆ ಹೆಚ್ಚು ಬೇಕಾಗುವುದು ಮಾಡದೇ ಇದ್ದವರ ಪಟ್ಟಿ. ಸಾಫ್ಟ್‌ವೇರ್‌ಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುವುದು ಅಲ್ಲೇ.

ಕ್ಲಾವಿಯೋದಲ್ಲಿ ಇದು ಸುಲಭ. ಅಂಗಡಿ ಶಾಪಿಫೈನಲ್ಲಿ (ಆನ್‌ಲೈನ್ ಅಂಗಡಿ ನಡೆಸುವ ವೇದಿಕೆ) ಇದ್ದು ಅದನ್ನು ಜೋಡಿಸಿದ್ದರೆ ಆರ್ಡರ್, ಚೆಕ್‌ಔಟ್ ಎಲ್ಲವೂ ಈವೆಂಟ್‌ಗಳಾಗಿ (ಯಾರು ಯಾವಾಗ ಏನು ಮಾಡಿದರು ಎಂಬ ದಾಖಲೆಗಳಾಗಿ) ಬಂದು ಕೂರುತ್ತವೆ. ಮೊದಲ ಷರತ್ತು, ಆರ್ಡರ್ ಮಾಡಿದ್ದು ಕನಿಷ್ಠ 1 ಸಲ, ಅವಧಿ ಆರಂಭದಿಂದ ಇಂದಿನವರೆಗೆ. ಎರಡನೆಯದು, ಆರ್ಡರ್ ಮಾಡಿದ್ದು 0 ಸಲ, ಕಳೆದ 45 ದಿನ. ಮೂರನೆಯದರಲ್ಲಿ ಕ್ಲಿಕ್ ಮತ್ತು ಸೈಟ್ ಭೇಟಿಯನ್ನು ‘ಅಥವಾ’ ಹಾಕಿ ಒಂದೇ ಚೌಕಟ್ಟಿನಲ್ಲಿ ಇಡಬಹುದು. ಕೊನೆಗೆ, ಇಮೇಲ್ ಪಡೆಯಲು ಒಪ್ಪಿಗೆ ಇದೆ ಎಂಬ ಷರತ್ತು. ಮೊದಲನೆಯದನ್ನು ಮರೆತರೆ ಪಟ್ಟಿ ಇದ್ದಕ್ಕಿದ್ದಂತೆ ಉಬ್ಬುತ್ತದೆ, ಏಕೆಂದರೆ ಎಂದೂ ಏನೂ ಕೊಳ್ಳದವರೂ ಕಳೆದ 45 ದಿನಗಳಲ್ಲಿ 0 ಸಲ ಕೊಂಡವರೇ. ಅವರಿಗೆ ‘ಮತ್ತೆ ಬನ್ನಿ’ ಎಂಬ ಮೇಲ್ ಹೋದರೆ ಅಂಗಡಿಯ ಮರ್ಯಾದೆ ಹೋಗುತ್ತದೆ.

ಎರಡು ಎಚ್ಚರಿಕೆ. ಸೈಟ್ ಭೇಟಿ ದಾಖಲಾಗುವುದು ಗುರುತು ಸಿಕ್ಕವರದು ಮಾತ್ರ. ಆ ಬ್ರೌಸರ್‌ನಲ್ಲಿ ಒಮ್ಮೆ ಫಾರ್ಮ್ ತುಂಬಿರಬೇಕು ಅಥವಾ ಇಮೇಲ್ ಲಿಂಕ್ ಒತ್ತಿ ಬಂದಿರಬೇಕು. ಮೊಬೈಲ್‌ನಲ್ಲಿ ಲಿಂಕ್ ಒತ್ತಿದವರು ಲ್ಯಾಪ್‌ಟಾಪ್‌ನಿಂದ ನೇರ ಬಂದರೆ ಲೆಕ್ಕಕ್ಕೆ ಸಿಗುವುದಿಲ್ಲ. ಇನ್ನೊಂದು, ಸೆಗ್ಮೆಂಟ್ ಸೇರಿದೊಡನೆ ಹೊರಡುವ ಫ್ಲೋ (ತಾನಾಗಿ ಹೋಗುವ ಮೇಲ್‌ಗಳ ಸರಣಿ) ಮಾಡಿದಾಗ ಅದಾಗಲೇ ಸೆಗ್ಮೆಂಟ್‌ನಲ್ಲಿ ಇರುವವರಿಗೆ ಅದು ತಾನಾಗಿ ಹೋಗುವುದಿಲ್ಲ. ಅವರನ್ನು ಬೇರೆಯಾಗಿ ಫ್ಲೋಗೆ ಸೇರಿಸಬೇಕು.

ಮೇಲ್‌ಚಿಂಪ್ ಮೂಲತಃ ಸುದ್ದಿಪತ್ರ ಕಳಿಸುವವರ ಸಾಧನ, ಅದರ ಜಾಯಮಾನ ಸೆಗ್ಮೆಂಟ್‌ನಲ್ಲೂ ಕಾಣುತ್ತದೆ. ಕೆಳಗಿನ ಪ್ಲಾನ್‌ಗಳಲ್ಲಿ 5 ಷರತ್ತುಗಳವರೆಗೆ ಹಾಕಬಹುದು, ಆದರೆ ‘ಎಲ್ಲವೂ’ ಅಥವಾ ‘ಯಾವುದಾದರೂ’ ಎರಡರಲ್ಲಿ ಒಂದನ್ನೇ ಆರಿಸಬೇಕು. ನಮ್ಮ ಸೆಗ್ಮೆಂಟ್‌ನಲ್ಲಿ ಎರಡೂ ಬೆರೆತಿರುವುದರಿಂದ ಮೇಲಿನ ಪ್ಲಾನ್ ಬೇಕಾಗುತ್ತದೆ. ಕ್ಲಿಕ್ ಮಾಡಿದವರಿಗೆ ಟ್ಯಾಗ್ ಹಾಕಿ ಆ ಟ್ಯಾಗನ್ನೇ ಷರತ್ತಾಗಿ ಬಳಸುವ ಅಡ್ಡದಾರಿ ಇದೆ. ಆದರೆ ಕೈಯಾರೆ ಹಾಕಿದ ಟ್ಯಾಗ್ ತಾನಾಗಿ ಕಳಚಿಕೊಳ್ಳುವುದಿಲ್ಲ. ಯಾರೂ ತೆಗೆಯದಿದ್ದರೆ ಎರಡು ತಿಂಗಳ ಹಿಂದೆ ಕ್ಲಿಕ್ ಮಾಡಿದವರೂ ಅದರಲ್ಲೇ ಉಳಿಯುತ್ತಾರೆ. ‘ಕೊನೆಯ 5 ಕ್ಯಾಂಪೇನ್‌ಗಳಲ್ಲಿ ಯಾವುದಾದರೂ’ ಎಂಬ ಆಯ್ಕೆಯನ್ನೂ ನೋಡಿಕೊಂಡು ಬಳಸಿ. ದೀಪಾವಳಿ ವಾರದಲ್ಲಿ ಐದು ಮೇಲ್ ಕಳಿಸಿದರೆ ಅದರ ಅರ್ಥ ಒಂದು ವಾರ, ತಿಂಗಳಿಗೊಂದು ಕಳಿಸುವವರಿಗೆ ಐದು ತಿಂಗಳು. ದಿನಗಳ ಲೆಕ್ಕದ ಆಯ್ಕೆಯೇ ಭದ್ರ. ಆಡಿಯೆನ್ಸ್ (ಸಂಪರ್ಕಗಳ ಮೂಲ ಪಟ್ಟಿ) ಒಂದೇ ಇರಲಿ. ಒಂದಕ್ಕಿಂತ ಹೆಚ್ಚಿದ್ದರೆ ಸೆಗ್ಮೆಂಟ್ ಅವುಗಳ ನಡುವೆ ದಾಟುವುದಿಲ್ಲ, ಎರಡರಲ್ಲೂ ಇರುವ ವ್ಯಕ್ತಿಗೆ ಎರಡು ಸಲ ಹಣ ಕಟ್ಟಬೇಕಾಗುತ್ತದೆ.

ಮಾಟಿಕ್ ಓಪನ್ ಸೋರ್ಸ್. ಲೈಸೆನ್ಸ್ ಶುಲ್ಕ ಇಲ್ಲ. ಸರ್ವರ್‌ಗೆ ಮತ್ತು ಮೇಲ್ ಕಳಿಸುವ ಸೇವೆಗೆ ಹಣ ಕೊಟ್ಟರಾಯಿತು. ಶ್ರಮ ಹೆಚ್ಚು, ಆದರೆ ಒಳಗೆ ಏನು ನಡೆಯುತ್ತಿದೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸುವುದು ಮೂರರಲ್ಲಿ ಇದೊಂದೇ. ಆರ್ಡರ್ ಎಂಬ ಕಲ್ಪನೆ ಇದರಲ್ಲಿ ಮೊದಲೇ ಇಲ್ಲ. ‘ಕೊನೆಯ ಆರ್ಡರ್ ದಿನಾಂಕ’ ಎಂಬ ಕಸ್ಟಮ್ ಫೀಲ್ಡ್ ಮಾಡಿ, ಅಂಗಡಿಯ ವೆಬ್‌ಹುಕ್‌ನಿಂದ (ಆರ್ಡರ್ ಬಂದೊಡನೆ ಹೊರಡುವ ಸೂಚನೆ) ಎಪಿಐ (ಸಾಫ್ಟ್‌ವೇರ್‌ಗಳು ಮಾಹಿತಿ ಹಂಚಿಕೊಳ್ಳುವ ದಾರಿ) ಮೂಲಕ ತುಂಬಬೇಕು. ಫಿಲ್ಟರ್‌ನಲ್ಲಿ ಆ ಫೀಲ್ಡ್ ‘-45 ದಿನ’ಕ್ಕಿಂತ ಕಡಿಮೆ ಎಂದು ಕೊಟ್ಟರೆ ದಿನಾಂಕ ತಾನಾಗಿ ಮುಂದೆ ಸರಿಯುತ್ತದೆ. ಫೀಲ್ಡ್ ಖಾಲಿ ಇರುವವರು ಸೆಗ್ಮೆಂಟ್‌ಗೆ ಬರುವುದಿಲ್ಲ, ಹಾಗಾಗಿ ‘ಒಮ್ಮೆಯಾದರೂ ಕೊಂಡವರು’ ಎಂಬ ಷರತ್ತು ಬೇರೆ ಬೇಕಿಲ್ಲ.

ತೊಡಕು ‘ಅಥವಾ’ದಲ್ಲಿದೆ. ಮಾಟಿಕ್‌ನ ಫಿಲ್ಟರ್‌ಗಳಲ್ಲಿ ಆವರಣ ಹಾಕಲು ಬರುವುದಿಲ್ಲ. ‘ಅಥವಾ’ ಬಂದಲ್ಲಿ ಹೊಸ ಗುಂಪು ಶುರು. ‘ದಿನಾಂಕ ಹಳೆಯದು, ಮತ್ತು ಕ್ಲಿಕ್, ಅಥವಾ ಭೇಟಿ’ ಎಂದು ಬರೆದರೆ ನಿನ್ನೆ ಕೊಂಡವರೂ ಬರೀ ಭೇಟಿಯ ಆಧಾರದ ಮೇಲೆ ಒಳಗೆ ಬರುತ್ತಾರೆ. ದಿನಾಂಕದ ಷರತ್ತನ್ನು ಎರಡು ಸಲ ಬರೆಯಬೇಕು: ದಿನಾಂಕ ಮತ್ತು ಕ್ಲಿಕ್, ಅಥವಾ, ದಿನಾಂಕ ಮತ್ತು ಭೇಟಿ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಕ್ರಾನ್‌ಗೆ, ಅಂದರೆ ಸರ್ವರ್‌ನಲ್ಲಿ ಗೊತ್ತಾದ ಹೊತ್ತಿಗೆ ಕಮಾಂಡ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆಗೆ. ಸೆಗ್ಮೆಂಟ್ ಅಪ್‌ಡೇಟ್, ಕ್ಯಾಂಪೇನ್ ಅಪ್‌ಡೇಟ್, ಕ್ಯಾಂಪೇನ್ ಟ್ರಿಗರ್ ಮೂರು ಬೇರೆ ಬೇರೆ ಕಮಾಂಡ್‌ಗಳು, ಈ ಕ್ರಮದಲ್ಲೇ ಓಡಬೇಕು. ಮೊದಲನೆಯದನ್ನು 0, 15, 30, 45ನೇ ನಿಮಿಷಕ್ಕೆ, ಎರಡನೆಯದನ್ನು 5, 20, 35, 50ಕ್ಕೆ, ಮೂರನೆಯದನ್ನು 10, 25, 40, 55ಕ್ಕೆ ಇಟ್ಟರೆ ಒಂದರ ಮೇಲೊಂದು ಬೀಳುವುದಿಲ್ಲ. ಕ್ರಾನ್ ನಿಂತರೆ ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಸೆಗ್ಮೆಂಟ್ ಮಾತ್ರ ಹಳೇ ಲೆಕ್ಕದಲ್ಲೇ ಉಳಿದಿರುತ್ತದೆ. ಇದನ್ನು ನೋಡಿಕೊಳ್ಳುವ ಒಬ್ಬರು ಇಲ್ಲದ ಕಡೆ ಮಾಟಿಕ್ ಬೇಡ.

ನಾವು ಓಪನ್ ಬಿಟ್ಟು ಕ್ಲಿಕ್ ಹಿಡಿದದ್ದು ಬೇಕೆಂದೇ. 2021ರ ಸೆಪ್ಟೆಂಬರ್‌ನಲ್ಲಿ ಐಓಎಸ್ 15 ಜೊತೆ ಬಂದ ಆ್ಯಪಲ್‌ನ ಮೇಲ್ ಪ್ರೈವೆಸಿ ಪ್ರೊಟೆಕ್ಷನ್, ಓದುಗರು ಮೇಲ್ ತೆರೆಯದಿದ್ದರೂ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುತ್ತದೆ; ಟ್ರ್ಯಾಕಿಂಗ್ ಪಿಕ್ಸೆಲ್‌ಗೆ (ಓಪನ್ ಎಣಿಸಲು ಮೇಲ್‌ನಲ್ಲಿಡುವ ಕಣ್ಣಿಗೆ ಕಾಣದ ಚಿತ್ರ) ಅದೂ ಓಪನ್ನೇ. ಕ್ಲಾವಿಯೋದಲ್ಲಿ ಇಂಥ ಓಪನ್‌ಗಳನ್ನು ಷರತ್ತು ಹಾಕಿ ಹೊರಗಿಡಬಹುದು. ಕ್ಲಿಕ್ ಕೂಡ ಪೂರ್ತಿ ನಂಬುವಂಥದ್ದಲ್ಲ: ಕಂಪನಿ ವಿಳಾಸಗಳಿಗೆ ಹೋದ ಮೇಲ್‌ಗಳ ಲಿಂಕ್‌ಗಳನ್ನು ಸೆಕ್ಯುರಿಟಿ ಸ್ಕ್ಯಾನರ್‌ಗಳು ಒತ್ತಿ ನೋಡುತ್ತವೆ. ತಲುಪಿದ ಕೆಲವೇ ಸೆಕೆಂಡುಗಳಲ್ಲಿ ಎಲ್ಲ ಲಿಂಕ್‌ಗಳಿಗೂ ಕ್ಲಿಕ್ ಬಿದ್ದಿದ್ದರೆ ಅದು ಮನುಷ್ಯರದ್ದಲ್ಲ.

ತಪ್ಪು ಸೆಗ್ಮೆಂಟ್‌ನ ಬೆಲೆ ಈಗ ಹೆಚ್ಚು. 2024ರ ಫೆಬ್ರುವರಿಯಿಂದ ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರು ಸ್ಪ್ಯಾಮ್ ದೂರನ್ನು ಶೇ 0.3ರ ಕೆಳಗೆ ಇಡಲೇಬೇಕು, ಒಂದೇ ಕ್ಲಿಕ್‌ನಲ್ಲಿ ಹೊರಬರುವ ಸೌಲಭ್ಯವನ್ನೂ ಕೊಡಬೇಕು. ಬೇಡದವರಿಗೆ ಹೋದ ಮೇಲ್, ಬೇಕಾದವರಿಗೆ ಹೋಗುವ ಮೇಲನ್ನೂ ಸ್ಪ್ಯಾಮ್‌ಗೆ ಎಳೆಯುತ್ತದೆ.

ಶಾಪಿಫೈ ಅಂಗಡಿಗೆ, ಹಣ ಹೊಂದುವುದಾದರೆ, ನಮ್ಮ ಆಯ್ಕೆ ಕ್ಲಾವಿಯೋ. ಸಕ್ರಿಯ ಪ್ರೊಫೈಲ್‌ಗಳ ಎಣಿಕೆಯ ಮೇಲೆ ಬಿಲ್ ಬರುವುದರಿಂದ ಬಹುಕಾಲದಿಂದ ಸದ್ದಿಲ್ಲದವರನ್ನು ಸಪ್ರೆಸ್ ಮಾಡುತ್ತಿರಬೇಕು, ಅಂದರೆ ಅವರಿಗೆ ಮೇಲ್ ಹೋಗದಂತೆ ತಡೆಯಬೇಕು. ಮೇಲ್‌ಚಿಂಪ್‌ನಲ್ಲಿ ಅನ್‌ಸಬ್‌ಸ್ಕ್ರೈಬ್ ಆದವರೂ ಬಿಲ್‌ಗೆ ಸೇರುತ್ತಾರೆ, ಆರ್ಕೈವ್ ಅಥವಾ ಡಿಲೀಟ್ ಮಾಡಿದರೆ ಮಾತ್ರ ಹೊರಬೀಳುತ್ತಾರೆ. ಅಂಗಡಿಯಿಲ್ಲದೆ ಸುದ್ದಿಪತ್ರವಷ್ಟೇ ಇದ್ದರೆ ಅದು ಸಾಕು.

ಯಾವುದನ್ನೇ ಆರಿಸಿ, ಕಳಿಸುವ ಮುನ್ನ ಒಂದು ತಾಳೆ ನೋಡಿ. ಕ್ಲಿಕ್, ಭೇಟಿ, ಒಪ್ಪಿಗೆಯ ಷರತ್ತುಗಳನ್ನು ಬಿಟ್ಟು, 45 ದಿನದೊಳಗೆ ಕೊಂಡವರದೊಂದು, ಹಿಂದೆ ಕೊಂಡಿದ್ದು 45 ದಿನದೊಳಗೆ ಕೊಳ್ಳದವರದೊಂದು ಸೆಗ್ಮೆಂಟ್ ಮಾಡಿ ಎರಡನ್ನೂ ಕೂಡಿದರೆ ಒಟ್ಟು ಕೊಂಡವರ ಸಂಖ್ಯೆ ಬರಬೇಕು. ಬರದಿದ್ದರೆ ಮೊದಲು ಖಾಲಿ ದಿನಾಂಕಗಳನ್ನು ಹುಡುಕಿ. ಆಮೇಲೆ ಸಮಯ ವಲಯ ನೋಡಿ: ದಿನಾಂಕ ಯುಟಿಸಿಯಲ್ಲಿ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ದಾಖಲಾಗುತ್ತಿದ್ದರೆ ನಮ್ಮ ಮಧ್ಯರಾತ್ರಿಯಿಂದ ಬೆಳಗಿನ 5.30ರವರೆಗಿನ ಆರ್ಡರ್‌ಗಳೆಲ್ಲ ಹಿಂದಿನ ದಿನಕ್ಕೆ ಸೇರಿರುತ್ತವೆ.