ಒಂದೇ ಟ್ರಾಫಿಕ್, ಮೂರು ಸೆನ್ಸರ್: ಸ್ನಾರ್ಟ್, ಸುರಿಕಾಟ, ಝೀಕ್ ಅಲರ್ಟ್‌ಗಳನ್ನು ಓದಿ ನೋಡಿದಾಗ

ನೆಟ್‌ವರ್ಕ್ ಟ್ರಾಫಿಕ್ಕಿನಲ್ಲಿ ದಾಳಿಯ ಸುಳಿವು ಹುಡುಕುವ ಸೆನ್ಸರ್‌ನಿಂದ 1:2100498:7 ಎಂಬ ಅಂಕಿಗಳನ್ನು ಹೊತ್ತ ಅಲರ್ಟ್ ಮೊದಲ ಸಲ ಕಣ್ಣಿಗೆ ಬಿದ್ದಾಗ ಎದೆ ಧಸಕ್ಕೆನ್ನುವುದು ಸಹಜ. ‘ಐಡಿ ಚೆಕ್ ರಿಟರ್ನ್ಡ್ ರೂಟ್’ ಎಂಬ ಅದರ ಸಂದೇಶವನ್ನು ಓದಿದವರಿಗೆ, ಯಾರೋ ಯಂತ್ರದೊಳಗೆ ನುಗ್ಗಿ, ತನಗೆ ಯಾವ ಅಧಿಕಾರ ಸಿಕ್ಕಿದೆ ಎಂದು ಪರೀಕ್ಷಿಸಿ, ರೂಟ್ (ಯಂತ್ರದ ಮೇಲೆ ಪೂರ್ಣ ಅಧಿಕಾರವುಳ್ಳ ಬಳಕೆದಾರ) ಎಂಬ ಉತ್ತರವನ್ನೂ ಪಡೆದುಬಿಟ್ಟಿದ್ದಾರೆ ಎಂದೇ ಅನಿಸುತ್ತದೆ. ಆದರೆ ಈ ಅಲರ್ಟ್ ಹುಟ್ಟಿಸಿದ ನಿಯಮವನ್ನೇ ತೆರೆದು ನೋಡಿದರೆ ಅದು ಹೇಳುವುದು ಇಷ್ಟೇ: ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಗುವ ಪ್ಯಾಕೆಟ್ಟಿನಲ್ಲಾದರೂ ‘ಯುಐಡಿ=0(ರೂಟ್)’ ಎಂಬ ಅಕ್ಷರಗಳು ಕಂಡರೆ ಕೂಗು. ನಿಯಮ ಹೇಳಿದ್ದಕ್ಕೂ ಸಂದೇಶ ಸೂಚಿಸಿದ್ದಕ್ಕೂ ನಡುವೆ ಇರುವ ಈ ಅಂತರವನ್ನು ಎಷ್ಟು ಬೇಗ ದಾಟಬಹುದು ಎಂಬುದನ್ನೇ ಅಳತೆಗೋಲಾಗಿಟ್ಟುಕೊಂಡು, ಸ್ವಿಚ್ಚಿನ ಒಂದೇ ಮಿರರ್ ಪೋರ್ಟಿನ (ಹಾದುಹೋಗುವ ಪ್ಯಾಕೆಟ್‌ಗಳ ನಕಲು ಸಿಗುವ ಪೋರ್ಟ್) ಟ್ರಾಫಿಕ್ಕನ್ನು ಸ್ನಾರ್ಟ್ 2.9, ಸುರಿಕಾಟ ಮತ್ತು ಝೀಕ್‌ಗಳಿಗೆ ಮೂರು ವಾರ ಉಣಿಸಿ ನೋಡಿದೆ. ಮೊದಲೆರಡಕ್ಕೂ ಎಮರ್ಜಿಂಗ್ ಥ್ರೆಟ್ಸ್ ಎಂಬ ನಿಯಮಸಂಗ್ರಹದ ಉಚಿತ ನಿಯಮಗಳನ್ನೇ ಹಾಕಿದ್ದೆ.

ಮೇಲಿನ ಅಲರ್ಟ್ ಎರಡನೆಯ ದಿನವೇ ಬಂತು. ಸ್ನಾರ್ಟ್‌ನ ಫಾಸ್ಟ್ ಲಾಗ್ ಕೊಟ್ಟದ್ದು ಒಂದೇ ಸಾಲು: ಸಮಯ, ಸಂದೇಶ, ಆದ್ಯತೆ 2, ಎರಡು ವಿಳಾಸ, ಎರಡು ಪೋರ್ಟ್. (ಆದ್ಯತೆಯಲ್ಲಿ 1 ಎಂದರೆ ಅತಿ ಗಂಭೀರ, ಅಂಕಿ ದೊಡ್ಡದಾದಷ್ಟೂ ಅಪಾಯ ದೊಡ್ಡದೆಂದು ತಲೆಕೆಳಗಾಗಿ ಓದುವವರು ಇಂದಿಗೂ ಇದ್ದಾರೆ.) ಆ ಒಂದು ಸಾಲಿನಿಂದಲೂ ಸ್ವಲ್ಪ ತಿಳಿಯಬಹುದು. ಮೂಲ ಪೋರ್ಟ್ 80 ಆಗಿದ್ದು, ವಿಳಾಸ ಹೊರಗಿನದಾಗಿತ್ತು. ನಮ್ಮ ಯಂತ್ರವೇ ವಶವಾಗಿದ್ದರೆ ಆ ಅಕ್ಷರಗಳು ಒಳಗಿನಿಂದ ಹೊರಕ್ಕೆ ಹೋಗಬೇಕಿತ್ತು, ಇಲ್ಲಿ ಹೊರಗಿನಿಂದ ಒಳಕ್ಕೆ ಬಂದಿದ್ದವು. ಆದರೆ ಬಂದದ್ದು ಯಾವ ಪುಟದಿಂದ ಎಂಬುದನ್ನು ತಿಳಿಯಲು ಡಿಎನ್‌ಎಸ್ ಲಾಗ್‌ಗಳನ್ನು (ಯಾವ ಹೆಸರಿಗೆ ಯಾವ ವಿಳಾಸ ಎಂಬ ದಾಖಲೆಗಳನ್ನು) ಕೆದಕುತ್ತ ಮುಕ್ಕಾಲು ಗಂಟೆ ಕಳೆದೆ. ಇದು ಸ್ನಾರ್ಟ್‌ನ ದೋಷವೆನ್ನುವುದಕ್ಕಿಂತ ನಾನು ಆರಿಸಿದ ಔಟ್‌ಪುಟ್‌ನ ಮಿತಿ ಎನ್ನುವುದು ನ್ಯಾಯ. ಯೂನಿಫೈಡ್2 ರೂಪದಲ್ಲಿ ಪ್ಯಾಕೆಟ್ ಸಹಿತ ದಾಖಲಾಗುತ್ತದೆ, ಆದರೆ ಅದು ಬೈನರಿ ಕಡತವಾದ್ದರಿಂದ ಓದಲು ಇನ್ನೊಂದು ಸಾಧನ ಬೇಕು.

ಸುರಿಕಾಟದಲ್ಲಿ ಇದೇ ಅಲರ್ಟ್‌ಗೆ ಅರ್ಥ ಹಚ್ಚಲು ಎರಡು ನಿಮಿಷವೂ ಹಿಡಿಯಲಿಲ್ಲ. ಅದರ ಈವ್ ಜೇಸನ್ ದಾಖಲೆಯಲ್ಲಿ ಅಲರ್ಟ್‌ನ ಜೊತೆಗೇ ಹೋಸ್ಟ್ ಹೆಸರು, ಯುಆರ್‌ಎಲ್, ಬ್ರೌಸರ್‌ನ ಗುರುತು, ಸರ್ವರ್ ಕೊಟ್ಟ 200 ಎಂಬ ಉತ್ತರ ಎಲ್ಲವೂ ಇದ್ದವು. ಪೇಲೋಡ್ (ಪ್ಯಾಕೆಟ್ಟಿನೊಳಗಿನ ವಿಷಯ) ದಾಖಲಿಸುವ ಆಯ್ಕೆಯನ್ನು ಮೊದಲೇ ಸಕ್ರಿಯಗೊಳಿಸಿದ್ದರಿಂದ ಆ ಅಕ್ಷರಗಳ ಹಿಂದೆಮುಂದಿನ ಪಠ್ಯವೂ ಕಾಣುತ್ತಿತ್ತು. ಸಹೋದ್ಯೋಗಿಯೊಬ್ಬರು ಲಿನಕ್ಸ್ ಆಜ್ಞೆಗಳನ್ನು ವಿವರಿಸುವ ಪುಟವೊಂದನ್ನು ಓದುತ್ತಿದ್ದರು, ಅದರಲ್ಲಿ ಆ ಸಾಲು ಉದಾಹರಣೆಯಾಗಿತ್ತು, ಅಷ್ಟೇ. ಅದೇ ಪುಟ ಎಚ್‌ಟಿಟಿಪಿಎಸ್ ಮೂಲಕ, ಅಂದರೆ ಗೂಢಲಿಪಿಯಲ್ಲಿ, ಬಂದಿದ್ದರೆ ಎರಡು ಸೆನ್ಸರ್‌ಗಳೂ ಮೌನವಾಗಿರುತ್ತಿದ್ದವು ಎಂಬುದನ್ನು ಮರೆಯಬಾರದು.

ಝೀಕ್ ಮಾತ್ರ ಅಲರ್ಟ್ ಅನ್ನೇ ಕೊಡಲಿಲ್ಲ. 1995ರಲ್ಲಿ ವರ್ನ್ ಪ್ಯಾಕ್ಸನ್ ಬ್ರೋ ಎಂಬ ಹೆಸರಿನಲ್ಲಿ ಆರಂಭಿಸಿದ, 2018ರಲ್ಲಿ ಹೆಸರು ಬದಲಿಸಿಕೊಂಡ ಈ ಸಾಧನ ಮೂಲತಃ ನಡೆದುದನ್ನು ಬರೆದಿಡುತ್ತದೆ. ಅದು ಕೆಟ್ಟದ್ದೋ ಅಲ್ಲವೋ ಎಂಬ ತೀರ್ಮಾನವನ್ನು ಬೇರೆ ಸ್ಕ್ರಿಪ್ಟ್‌ಗಳಿಗೆ ಬಿಡುತ್ತದೆ. ಎಚ್‌ಟಿಟಿಪಿ ಲಾಗ್‌ನಲ್ಲಿ ಆ ಪುಟದ ಸಾಲು ಅಚ್ಚುಕಟ್ಟಾಗಿತ್ತು, ಆದರೆ ಅಲ್ಲಿ ಹುಡುಕಬೇಕೆಂದು ನನಗೆ ಹೇಳಿದ್ದು ಉಳಿದ ಎರಡು ಸಾಧನಗಳು.

ಎರಡನೆಯ ಪ್ರಕರಣ ಇನ್ನಷ್ಟು ಕಲಿಸಿತು. ಒಳಗಿನ ಒಂದು ಸರ್ವರ್ ಇನ್ನೊಂದರ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವ್ಯವಸ್ಥೆ) ಬಾಗಿಲನ್ನು ರಾತ್ರಿಯಿಡೀ ತಟ್ಟುತ್ತಿತ್ತು. 120 ಸೆಕೆಂಡುಗಳಲ್ಲಿ ಐದು ಪ್ರಯತ್ನಗಳಾದರೆ ಸ್ಕ್ಯಾನ್ ಎಂದು ಕೂಗುವ ನಿಯಮ ಸ್ನಾರ್ಟ್‌ನಲ್ಲಿ ಬೆಳಗಿನವರೆಗೂ ಅಲರ್ಟ್‌ಗಳನ್ನು ಸುರಿಸಿತು. ಅದೇ ನಿಯಮ ಸುರಿಕಾಟದಲ್ಲಿ ಒಮ್ಮೆಯೂ ತುಟಿ ಬಿಚ್ಚಲಿಲ್ಲ. ಎಂಜಿನ್‌ನಲ್ಲೇ ಏನೋ ತಪ್ಪಿದೆ ಎಂದು ಅರ್ಧ ದಿನ ಹುಡುಕಿದ ಮೇಲೆ ಕಾರಣ ಸಿಕ್ಕಿತು. ನಿಯಮ ಹೊರಜಾಲದಿಂದ ಒಳಜಾಲಕ್ಕೆ ಬರುವ ಸಂಪರ್ಕಗಳನ್ನು ಮಾತ್ರ ಎಣಿಸುತ್ತದೆ. ಹೊರಜಾಲ ಎಂದರೆ ಏನು ಎಂಬುದಕ್ಕೆ ಸ್ನಾರ್ಟ್‌ನ ಮೂಲ ಸಂರಚನೆಯಲ್ಲಿ ‘ಯಾವುದಾದರೂ’ ಎಂದಿದ್ದರೆ, ಸುರಿಕಾಟದಲ್ಲಿ ‘ಒಳಜಾಲವಲ್ಲದ್ದು’ ಎಂದಿದೆ. ಹೀಗಾಗಿ ಒಳಗಿನಿಂದ ಒಳಕ್ಕೆ ಹೋಗುವ ಸಂಪರ್ಕ ಸುರಿಕಾಟದ ಲೆಕ್ಕಕ್ಕೇ ಬಂದಿರಲಿಲ್ಲ. ಒಂದು ಯಂತ್ರ ಕೈವಶವಾದ ಮೇಲೆ ದಾಳಿಕೋರರು ಪಕ್ಕದ ಯಂತ್ರಗಳಿಗೆ ಹರಿದಾಡುವುದು ಇದೇ ದಾರಿಯಲ್ಲಿ. ಆದ್ದರಿಂದ ಅಲರ್ಟ್ ಇಲ್ಲ ಎಂಬುದನ್ನು ಓದುವಾಗಲೂ ಒಳಜಾಲ, ಹೊರಜಾಲ ಎಂಬ ಈ ಎರಡು ಚರಾಂಶಗಳ ಮೌಲ್ಯ ನೋಡದೆ ನೆಮ್ಮದಿಯ ನಿಟ್ಟುಸಿರು ಬಿಡುವಂತಿಲ್ಲ.

ಈ ಬಾರಿ ಒಗಟು ಬಿಡಿಸಿದ್ದು ಝೀಕ್. 30 ವಿಫಲ ಪ್ರಯತ್ನಗಳಾದ ಮೇಲೆ ಅದು ಪಾಸ್‌ವರ್ಡ್ ಊಹಿಸಲಾಗುತ್ತಿದೆ ಎಂಬ ಒಂದು ನೋಟಿಸ್ ಬರೆಯಿತು. ಸಂಪರ್ಕ ಗೂಢಲಿಪಿಯಲ್ಲಿರುವುದರಿಂದ ಲಾಗಿನ್ ಆಯಿತೋ ಇಲ್ಲವೋ ಎಂಬುದನ್ನು ಅದು ಪ್ಯಾಕೆಟ್‌ಗಳ ಗಾತ್ರದಿಂದ ಅಂದಾಜು ಮಾಡುತ್ತದೆ, ಆದ್ದರಿಂದ ಅದನ್ನು ಸಾಕ್ಷ್ಯವೆನ್ನದೆ ಸುಳಿವೆಂದೇ ಓದಬೇಕು. ಎಸ್‌ಎಸ್‌ಎಚ್ ಲಾಗ್‌ನ ಕ್ಲೈಂಟ್ ಕಾಲಂನಲ್ಲಿದ್ದ ಪ್ಯಾರಾಮಿಕೋ ಎಂಬ ಹೆಸರು, ಅಂದರೆ ಪೈಥಾನ್ ಸ್ಕ್ರಿಪ್ಟ್‌ಗಳು ಬಳಸುವ ಲೈಬ್ರರಿ, ಬ್ಯಾಕಪ್ ಸ್ಕ್ರಿಪ್ಟಿನ ಕಡೆಗೆ ಬೆರಳು ತೋರಿಸಿತು: ಹಿಂದಿನ ದಿನ ಕೀ ಬದಲಾಗಿತ್ತು, ಸ್ಕ್ರಿಪ್ಟಿಗೆ ಯಾರೂ ತಿಳಿಸಿರಲಿಲ್ಲ.

ಝೀಕ್ ನನ್ನನ್ನು ಸತಾಯಿಸಿದ್ದೂ ಉಂಟು. ಮೊದಲ ಎರಡು ದಿನ ಒಂದು ಸರ್ವರ್‌ನ ಸಂಪರ್ಕಗಳೆಲ್ಲ ಅರ್ಧಂಬರ್ಧವಾಗಿ ಕಂಡವು. ಕನೆಕ್ಷನ್ ಲಾಗ್‌ನ ಹಿಸ್ಟರಿ ಕಾಲಂನಲ್ಲಿ ಸಿ ಅಕ್ಷರ ಮತ್ತೆ ಮತ್ತೆ ಬರುತ್ತಿದ್ದುದನ್ನು ಗಮನಿಸಿದಾಗ, ಚೆಕ್‌ಸಮ್ (ಪ್ಯಾಕೆಟ್ ಕೆಟ್ಟಿಲ್ಲವೆಂದು ಪರೀಕ್ಷಿಸುವ ಅಂಕಿ) ತಪ್ಪಿದ ಪ್ಯಾಕೆಟ್‌ಗಳನ್ನು ಅದು ಪಕ್ಕಕ್ಕೆ ಎಸೆಯುತ್ತಿದೆ ಎಂದು ತಿಳಿಯಿತು. ಚೆಕ್‌ಸಮ್ ಲೆಕ್ಕವನ್ನು ನೆಟ್‌ವರ್ಕ್ ಕಾರ್ಡಿಗೆ ವಹಿಸಿದ್ದರ ಫಲ ಅದು.

ಈಗ ಮೊದಲ ಅಲರ್ಟ್‌ಗಾಗಿ ಸುರಿಕಾಟವನ್ನೂ, ಅದರ ಸುತ್ತಲಿನ ಕಥೆಗಾಗಿ ಝೀಕನ್ನೂ ಉಳಿಸಿಕೊಂಡು ಸ್ನಾರ್ಟನ್ನು ತೆಗೆದಿದ್ದೇನೆ. ಎರಡರಲ್ಲೂ ಕಮ್ಯುನಿಟಿ ಐಡಿಯನ್ನು ಸಕ್ರಿಯಗೊಳಿಸಿದರೆ ಒಂದೇ ಸಂಪರ್ಕಕ್ಕೆ ಒಂದೇ ಗುರುತು ಬರುತ್ತದೆ, ಅಲ್ಲಿಂದ ನಕಲಿಸಿ ಇಲ್ಲಿ ಹುಡುಕಿದರಾಯಿತು. ಒಂದು ಕಿರಿಕಿರಿ ಉಳಿದಿದೆ: ಝೀಕ್ ಸಾಮಾನ್ಯವಾಗಿ ಸಂಪರ್ಕದ ಸಾಲನ್ನು ಆ ಸಂಪರ್ಕ ಮುಗಿದ ಮೇಲಷ್ಟೇ ಬರೆಯುವುದರಿಂದ, ಗಂಟೆಗಟ್ಟಲೆ ತೆರೆದಿರುವ ಸಂಪರ್ಕದ ಮೇಲೆ ಸುರಿಕಾಟ ಕೂಗಿದಾಗ ಅದರ ಜೋಡಿ ಸಾಲಿಗಾಗಿ ಕಾಯುತ್ತಲೇ ಕೂರಬೇಕಾಗುತ್ತದೆ.