ಸರ್ವಿಸ್‌ನವನ ಅಲಿಯಾಸ್ ನಂಬಿ ಸ್ಮರಣಸಂಚಿಕೆ ಹೋಯಿತು: ಡಿಟಿಪಿಯವರೇ, ಇವತ್ತೇ ನೋಡಿಕೊಳ್ಳಿ

ಲಿನಕ್ಸ್ ಇಟ್ಟುಕೊಂಡಿರುವ ಡಿಟಿಪಿಯವರು ದಯವಿಟ್ಟು ಇದನ್ನು ಓದಿ. ಇನ್ನೂ ಕೈ ನಡುಗುತ್ತಿದೆ.

ನಮ್ಮ ಅಂಗಡಿಗೆ ವರ್ಷದ ಕಾಂಟ್ರಾಕ್ಟ್ ಮೇಲೆ ಬರುವ ಸರ್ವಿಸ್‌ನವನೊಬ್ಬ ಇದ್ದಾನೆ. ಮುಗಿದ ಕೆಲಸಗಳನ್ನು ಬೇಗ ತೆಗೆದುಹಾಕಲು ಅಂತ ಬ್ಯಾಶ್‌ನಲ್ಲಿ (ಲಿನಕ್ಸ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಜಾಗ) ಒಂದು ಅಲಿಯಾಸ್, ಅಂದರೆ ಉದ್ದ ಕಮಾಂಡಿಗೆ ಒಂದು ಚಿಕ್ಕ ಹೆಸರು, ಹಾಕಿಕೊಟ್ಟ. ಯಾವ ಫೋಲ್ಡರ್ ಒಳಗಿದ್ದೀರೋ ಅದನ್ನೇ ಅಳಿಸುವುದು. ಅಳಿಸುವ ಕಮಾಂಡ್ ಆರ್‌ಎಂ ಮುಂದೆ ಬರೀ ಚುಕ್ಕಿ (ಈಗಿರುವ ಫೋಲ್ಡರ್) ಕೊಟ್ಟರೆ ಅದು ಒಪ್ಪುವುದಿಲ್ಲ ಅಲ್ವಾ, ಅದಕ್ಕೆ ಇವನ ಉಪಾಯ: ಸಿಡಿ ಚುಕ್ಕಿ ಚುಕ್ಕಿ (ಒಂದು ಹಂತ ಮೇಲೆ ಹೋಗುವುದು), ಆಮೇಲೆ ಆರ್‌ಎಂ ಮೈನಸ್ ಆರ್‌ಎಫ್ (ಆರ್ ಅಂದರೆ ಒಳಗಿದ್ದದ್ದೆಲ್ಲ ಸೇರಿಸಿ, ಎಫ್ ಅಂದರೆ ಏನೂ ಕೇಳದೆ), ಮುಂದೆ ಡಾಲರ್ ಓಲ್ಡ್‌ಪಿಡಬ್ಲ್ಯೂಡಿ (ಈಗಷ್ಟೇ ಬಿಟ್ಟುಬಂದ ಫೋಲ್ಡರಿನ ದಾರಿ). ಅದರ ಸುತ್ತ ಡಬಲ್ ಕೋಟ್ಸ್ ಇಲ್ಲ. ಕೋಟ್ಸೇ ಇಲ್ಲ!

"ಸಂಚಿಕೆ ಹಳೆಯದು" ಅನ್ನುವ ಫೋಲ್ಡರ್ ಒಳಗೆ ಹೋಗಿ ಆ ಅಲಿಯಾಸ್ ಹೊಡೆದು ಎಂಟರ್ ಒತ್ತಿದೆ. ಪ್ರಶ್ನೆ ಇಲ್ಲ, ಎರರ್ ಇಲ್ಲ. ನೋಡಿದರೆ ಹಳೆಯದು ಹಾಗೇ ಇದೆ. ಪಕ್ಕದ "ಸಂಚಿಕೆ" ಇಲ್ಲ! ಪ್ರೂಫ್ ಮುಗಿದು ಪ್ರೆಸ್ಸಿಗೆ ಹೋಗಬೇಕಿದ್ದ ಶಾಲೆಯ ಸ್ಮರಣಸಂಚಿಕೆ. ಟ್ರ್ಯಾಶ್‌ನಲ್ಲೂ ಇಲ್ಲ, ಆರ್‌ಎಂ ಅಲ್ಲಿಗೆ ಏನನ್ನೂ ಹಾಕುವುದಿಲ್ಲವಲ್ಲ.

ಸ್ಪೇಸ್ ಸಿಕ್ಕಲ್ಲಿ ಬ್ಯಾಶ್ ಹೆಸರನ್ನು ತುಂಡು ಮಾಡಿದೆ. ಮೊದಲ ತುಂಡು ಸರಿಯಾಗಿ ಪಕ್ಕದ "ಸಂಚಿಕೆ" ಫೋಲ್ಡರಿನ ದಾರಿಯೇ ಆಯಿತು. "ಹಳೆಯದು" ಅನ್ನುವ ಎರಡನೇ ತುಂಡಿನ ಹೆಸರಲ್ಲಿ ಏನೂ ಇರಲಿಲ್ಲ. ಎಫ್ ಇದ್ದದ್ದರಿಂದ ಆರ್‌ಎಂ ಆ ವಿಷಯಕ್ಕೂ ಬಾಯಿ ಬಿಡಲಿಲ್ಲ.

ಫೋನ್ ಮಾಡಿದರೆ ಅವನು ಹೇಳಿದ್ದು ಕೇಳಿ. "ಮೇಡಂ, ಫೋಲ್ಡರ್ ಹೆಸರಲ್ಲಿ ಯಾರಾದ್ರೂ ಸ್ಪೇಸ್ ಬಿಡ್ತಾರಾ?" ಎಲ್ಲರೂ ಬಿಡ್ತಾರಪ್ಪಾ! "ಬ್ಯಾಕಪ್ ನೀವು ನೋಡ್ಕೋಬೇಕಿತ್ತು." ಕಾಂಟ್ರಾಕ್ಟಿನಲ್ಲಿ ಬ್ಯಾಕಪ್ ಅವನದೇ ಅಂತ ಬರೆದಿದೆ. "ರಿಕವರಿ ಟ್ರೈ ಮಾಡೋಣ, ಅದಕ್ಕೆ ಬೇರೆ ಚಾರ್ಜ್ ಆಗುತ್ತೆ." ಬೇರೆ ಚಾರ್ಜಂತೆ! ಕೊನೆಗೆ, "ಎಲ್ಲಾ ಅಂಗಡಿಗೂ ಇದನ್ನೇ ಹಾಕಿದೀನಿ, ಯಾರೂ ಕಂಪ್ಲೇಂಟ್ ಮಾಡಿಲ್ಲ."

2011ರಲ್ಲಿ ಬಂಬಲ್‌ಬೀ ಅನ್ನುವ ಲಿನಕ್ಸ್ ಸಾಫ್ಟ್‌ವೇರಿನ ಸ್ಕ್ರಿಪ್ಟಿನಲ್ಲಿ ಒಂದು ಸ್ಪೇಸ್ ಜಾಸ್ತಿ ಬಿದ್ದು ಜನರ ಯುಎಸ್‌ಆರ್ ಡೈರೆಕ್ಟರಿಯೇ (ಲಿನಕ್ಸ್‌ನ ಪ್ರೋಗ್ರಾಮುಗಳೆಲ್ಲ ಇರುವ ಫೋಲ್ಡರ್) ಅಳಿಸಿಹೋಗಿತ್ತು. ದುಡ್ಡು ತಗೊಳ್ಳುವವನಿಗೆ ಇಷ್ಟಾದರೂ ಗೊತ್ತಿರಬೇಡವಾ?

ಇಂಥವರು ನಿಮ್ಮಲ್ಲಿಗೂ ಬಂದಿದ್ದರೆ ಅಲಿಯಾಸ್ ಬರೆದಿಡುವ ಬ್ಯಾಶ್‌ಆರ್‌ಸಿ ಫೈಲ್ ತೆಗೆದು ನೋಡಿ. ಆರ್‌ಎಂ ಮುಂದೆ ಕೋಟ್ಸ್ ಇಲ್ಲದ ಡಾಲರ್ ಇದ್ದರೆ ಆ ಸಾಲನ್ನೇ ಕಿತ್ತುಹಾಕಿ. ಅಳಿಸಲೇಬೇಕಾದರೆ ಒಂದು ಹಂತ ಮೇಲೆ ಹೋಗಿ, ಹೆಸರನ್ನು ಕೋಟ್ಸ್ ಒಳಗೆ ನೀವೇ ಬರೆಯಿರಿ. ಎಫ್ ಬದಲು ಇಂಗ್ಲಿಷಿನ ದೊಡ್ಡ ಐ (ಕ್ಯಾಪಿಟಲ್) ಹಾಕಿ. ಎಷ್ಟು ಹೆಸರು ಅಳಿಸಬೇಕು ಅಂತ ಲೆಕ್ಕ ಹೇಳಿ ಒಂದು ಸಲ ಕೇಳುತ್ತದೆ. ನನಗೆ "ಎರಡು" ಅಂತ ತೋರಿಸಿರುತ್ತಿತ್ತು, ಅಲ್ಲೇ ನಿಲ್ಲಿಸಿರುತ್ತಿದ್ದೆ.